ಚಪಲವೋ, ಹಂಬಲವೋ?

ಪ್ರಶ್ನೆ: ನನಗೆ 44 ವರ್ಷ. ಲೆಕ್ಕಪತ್ರದ ಕೆಲಸ, ಇಬ್ಬರು ಮಕ್ಕಳು, ಮನೆಯಲ್ಲಿ ಯಾವ ಕೊರತೆಯೂ ಇಲ್ಲ. ಆದರೂ ಏನಾದರೂ ಹೊಸದನ್ನು ತಿಳಿಯಬೇಕು, ಕೈಯಾರೆ ಏನಾದರೂ ಮಾಡಬೇಕು ಎಂಬ ಹಪಹಪಿ ಬಿಡುವುದಿಲ್ಲ. ಮೊದಲು ಜಲವರ್ಣ ಶುರು ಮಾಡಿದೆ, ಬಿಟ್ಟೆ. ಆಮೇಲೆ ನಕ್ಷತ್ರಗಳ ಹುಚ್ಚು ಹಿಡಿಯಿತು, ಅದೂ ಹೋಯಿತು. ಮೂರು ವರ್ಷದ ಹಿಂದೆ ಕೊಳಲು ತಂದೆ. ಎರಡು ವಾರ ಊದಿದೆ, ಬರೀ ಗಾಳಿ ಬಂತು, ಈಗ ಅದು ಬೀರುವಿನಲ್ಲಿದೆ. ಆದರೆ ದಿನಾ ರಾತ್ರಿ ಒಂದು ಗಂಟೆಯವರೆಗೆ ಇವುಗಳ ವಿಡಿಯೊ ನೋಡುತ್ತಾ ಕೂರುತ್ತೇನೆ. ಅಮ್ಮ 'ಆಸೆಯೇ ದುಃಖಕ್ಕೆ ಮೂಲ' ಅನ್ನುತ್ತಾರೆ. ನಮ್ಮ ಮನೆಯವರು 'ನಿನಗೆ ಏನು ಕಡಿಮೆಯಾಗಿದೆ?' ಅಂತ ಕೇಳುತ್ತಾರೆ. ಇದು ಕಾಯಿಲೆಯಾ? ಈ ಆಸೆಯನ್ನು ಹತ್ತಿಕ್ಕಬೇಕಾ, ಅಥವಾ ಈ ವಯಸ್ಸಿನಲ್ಲೂ ಇದಕ್ಕೊಂದು ದಾರಿ ಇದೆಯಾ?

ಉತ್ತರ: ಮೊದಲು ಕಾಯಿಲೆಯ ಮಾತು ಮುಗಿಸಿಬಿಡೋಣ. ಇದು ಕಾಯಿಲೆಯಲ್ಲ. ಯಾವುದರಲ್ಲೂ ಮನಸ್ಸಿಲ್ಲ, ಇಷ್ಟಪಡುತ್ತಿದ್ದ ಸಂಗತಿಗಳೂ ರುಚಿಸುತ್ತಿಲ್ಲ, ಊಟ ನಿದ್ದೆ ಕೆಟ್ಟಿದೆ ಎಂದು ನೀವು ಬರೆದಿದ್ದರೆ ಕೂಡಲೇ ವೈದ್ಯರನ್ನು ಕಾಣಿ ಎನ್ನುತ್ತಿದ್ದೆ. ದಿನಗಟ್ಟಲೆ ನಿದ್ದೆಯೇ ಬೇಡವೆನಿಸಿ, ಒಟ್ಟಿಗೆ ಹತ್ತು ಕೆಲಸಕ್ಕೆ ಕೈಹಾಕುತ್ತಿದ್ದೇನೆ ಎಂದಿದ್ದರೂ ಅದನ್ನೇ ಹೇಳುತ್ತಿದ್ದೆ. ನಿಮ್ಮದು ಅದಲ್ಲ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನಗೆ ಕಂಡದ್ದು ಹಸಿವಾಗಿರುವ ಒಂದು ಮನಸ್ಸು. ಅದಕ್ಕೆ ಊಟ ಸಿಗುತ್ತಿಲ್ಲ, ಊಟದ ವಾಸನೆ ಮಾತ್ರ ರಾತ್ರಿ ಒಂದು ಗಂಟೆಯವರೆಗೆ ಸಿಗುತ್ತಿದೆ.

ನಿಮ್ಮ ಅಮ್ಮನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದು ಬುದ್ಧನ ಬೋಧನೆಯಿಂದ ಬಂದ ಮಾತು. ಆದರೆ ಕನ್ನಡಕ್ಕೆ ಬರುವಾಗ ಅದರಲ್ಲಿ ಒಂದು ಎಳೆ ಕಳಚಿಕೊಂಡಿದೆ. ಪಾಳಿ ಭಾಷೆಯಲ್ಲಿ ದುಃಖಕ್ಕೆ ಮೂಲ ಎಂದು ಹೇಳಿರುವುದು 'ತಣ್ಹಾ'. ಸಂಸ್ಕೃತದಲ್ಲಿ ಅದೇ ತೃಷ್ಣೆ, ಅಂದರೆ ಬಾಯಾರಿಕೆ. ಎಷ್ಟು ಕುಡಿದರೂ ಇನ್ನಷ್ಟು ಬೇಕು ಎನ್ನುವ ಬಾಯಾರಿಕೆ. ಅದೇ ಪಾಳಿಯಲ್ಲಿ ಇನ್ನೊಂದು ಪದವೂ ಇದೆ, 'ಛಂದ'. ಒಂದು ಕೆಲಸ ಮಾಡಬೇಕು, ಒಂದು ಕಡೆ ತಲುಪಬೇಕು ಎಂಬ ಮನಸ್ಸಿಗೆ ಆ ಹೆಸರು. ಛಂದ ಕೆಟ್ಟದ್ದರ ಕಡೆಗೂ ತಿರುಗಬಹುದು, ಒಳ್ಳೆಯದರ ಕಡೆಗೂ ತಿರುಗಬಹುದು. ಸಾಧನೆಗೆ ಬೇಕಾದ ನಾಲ್ಕು ಆಧಾರಗಳನ್ನು ಹೇಳುವಾಗ ಬೌದ್ಧರು ಮೊದಲು ಇಟ್ಟಿದ್ದು ಇದನ್ನೇ. ಆಮೇಲೆ ಪ್ರಯತ್ನ, ಆಮೇಲೆ ಚಿತ್ತ, ನಾಲ್ಕನೆಯದು 'ವೀಮಂಸಾ', ಅಂದರೆ ವಿಚಾರಿಸಿ ನೋಡುವುದು. ಆಸೆಯನ್ನು ಅಷ್ಟು ಕಟುವಾಗಿ ಕಂಡ ದಾರಿಯಲ್ಲೇ ಬಯಸುವುದಕ್ಕೂ ವಿಚಾರಿಸುವುದಕ್ಕೂ ಜಾಗ ಇದೆ. ಅಮ್ಮನಿಗೆ ಇದನ್ನು ಹೇಳಿ ನೋಡಿ. ಅವರಿಗೆ ಖುಷಿಯಾಗಬಹುದು.

ನಮ್ಮ ಕನ್ನಡಕ್ಕೂ ಈ ವ್ಯತ್ಯಾಸ ಗೊತ್ತು. ಆಸೆ, ಬಯಕೆ, ತವಕ, ತುಡಿತ, ಹಂಬಲ, ಚಪಲ ಎಂದು ಎಷ್ಟೊಂದು ಪದ ಇಟ್ಟುಕೊಂಡಿದ್ದೇವೆ ನೋಡಿ. ಹೊಟ್ಟೆಯಲ್ಲಿ ಮಗು ಇರುವ ಹೆಂಗಸಿಗೆ ಆಗುವುದನ್ನು ಬಯಕೆ ಅನ್ನುತ್ತೇವೆ. ಒಂದು ಜೀವವನ್ನು ಕಟ್ಟುತ್ತಿರುವ ದೇಹ ಕೇಳುವ ಸಂಗತಿ ಅದು, ಯಾರೂ ಅದನ್ನು ದುರಾಸೆ ಅನ್ನುವುದಿಲ್ಲ. ನಿಮ್ಮ ವಿಷಯಕ್ಕೆ ಬೇಕಾಗಿರುವುದು ಕೊನೆಯ ಎರಡು ಪದ. ಚಪಲ ಒಂದರ ಮೇಲೆ ಕೂರುವುದಿಲ್ಲ. ಹೊಸದು ಕಂಡ ಕಡೆಗೆಲ್ಲ ಹಾರುತ್ತದೆ. ಹಂಬಲ ಒಂದನ್ನೇ ಹಿಡಿದುಕೊಂಡಿರುತ್ತದೆ, ಅದು ಸಿಗದೆ ಇದ್ದಾಗಲೂ ಬಿಡುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಒಳಗಿನಿಂದಲೂ ಶುರುವಿನಲ್ಲಿ ಗುರುತು ಹಿಡಿಯುವುದು ಕಷ್ಟ.

ಯಾಕೆ ಕಷ್ಟ ಅನ್ನುವುದಕ್ಕೆ ಮೆದುಳಿನಲ್ಲೇ ಒಂದು ಕಾರಣ ಇದೆ. ಡೋಪಮೈನ್ ಎಂಬ ರಾಸಾಯನಿಕದ ಹೆಸರನ್ನು ನೀವು ಕೇಳಿರುತ್ತೀರಿ, ಅದನ್ನು ಸಂತೋಷದ ರಾಸಾಯನಿಕ ಎಂದು ಕರೆಯುವ ರೂಢಿ ಬಂದುಬಿಟ್ಟಿದೆ. ಅದು ಸರಿಯಲ್ಲ. ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸ ಕೊಡುತ್ತಾ ಅವುಗಳ ಡೋಪಮೈನ್ ನರಕೋಶಗಳನ್ನು ಗಮನಿಸಿದರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಆ ಕೋಶಗಳು ಚುರುಕಾಗುತ್ತಿದ್ದವು. ರಸಕ್ಕೆ ಮುಂಚೆ ಒಂದು ಸೂಚನೆ ಕೊಡುವ ಅಭ್ಯಾಸ ಮಾಡಿಸಿದ ಮೇಲೆ ಅವು ಆ ಸೂಚನೆ ಕಂಡ ಕ್ಷಣಕ್ಕೇ ಎದ್ದುನಿಂತವು. ರಸ ಬಂದಾಗ ಸುಮ್ಮನಿದ್ದವು. ಸೂಚನೆ ಕೊಟ್ಟು ರಸ ಕೊಡದೆ ಹೋದರೆ ಇದ್ದ ಚಟುವಟಿಕೆಯೂ ಕುಸಿಯಿತು. ಈ ಲೆಕ್ಕಾಚಾರವನ್ನು ವಿವರಿಸುವ ಪ್ರಸಿದ್ಧ ಲೇಖನ ಬಂದದ್ದು 1997ರಲ್ಲಿ. ಕೆಂಟ್ ಬೆರಿಡ್ಜ್ ಎಂಬ ಇನ್ನೊಬ್ಬ ವಿಜ್ಞಾನಿ ತಮ್ಮ ಸಂಗಡಿಗರೊಂದಿಗೆ ಇಲಿಗಳಲ್ಲಿ ಡೋಪಮೈನ್ ಹೆಚ್ಚುಕಡಿಮೆ ಇಲ್ಲದಂತೆ ಮಾಡಿ ನೋಡಿದರು. ಆ ಇಲಿಗಳು ಎದುರಿಗೇ ಇದ್ದ ಆಹಾರದ ಕಡೆ ಹೋಗಲಿಲ್ಲ. ಆದರೆ ಬಾಯಿಗೆ ಸಕ್ಕರೆ ನೀರು ಬಿಟ್ಟಾಗ ಮೊದಲಿನಂತೆಯೇ ತುಟಿ ಸವರಿಕೊಂಡವು. ರುಚಿ ಹಾಗೇ ಉಳಿದಿತ್ತು, ಬೇಕು ಅನ್ನುವುದು ಮಾತ್ರ ಹೋಗಿತ್ತು.

ಅಂದರೆ ಬೇಕು ಅನ್ನಿಸುವುದು ಬೇರೆ, ಸಿಕ್ಕಿದ್ದು ಹಿಡಿಸುವುದು ಬೇರೆ. ಎರಡಕ್ಕೂ ಮೆದುಳಿನಲ್ಲಿ ದಾರಿಗಳು ಬೇರೆಬೇರೆ.

ಈಗ ನಿಮ್ಮ ಕೊಳಲಿಗೆ ಬನ್ನಿ. ಅದನ್ನು ಆರಿಸಿ ತರುವ ದಿನ ನಿಮ್ಮೊಳಗೆ ಎಷ್ಟು ಸಂಭ್ರಮ ಇತ್ತು ಅಂತ ನೆನಪು ಮಾಡಿಕೊಳ್ಳಿ. ಅದು ಸುಳ್ಳು ಸಂಭ್ರಮ ಅಲ್ಲ. ಆದರೆ ಅದು ಸೂಚನೆ ಕಂಡಾಗಿನ ಸಂಭ್ರಮ. ಊದಿದಾಗ ಬಂದದ್ದು ಗಾಳಿ. ರಸ ಬರಲಿಲ್ಲ, ಮನಸ್ಸು ಕುಸಿಯಿತು. ಆಗ 'ನನಗೆ ನಿಜವಾದ ಆಸಕ್ತಿ ಇಲ್ಲವೇನೋ' ಅಂದುಕೊಂಡಿರಿ. ರಾತ್ರಿಯ ವಿಡಿಯೊಗಳಲ್ಲಿ ಈ ಕುಸಿತವೇ ಇರುವುದಿಲ್ಲ. ಅಲ್ಲಿ ಒಂದು ಸೂಚನೆ ಮುಗಿಯುವ ಮೊದಲು ಇನ್ನೊಂದು ಸೂಚನೆ ಬಂದಿರುತ್ತದೆ. ಯಾರದೋ ಕೈ ಚಿತ್ರ ಬರೆಯುತ್ತದೆ, ಯಾರದೋ ಉಸಿರು ಕೊಳಲಲ್ಲಿ ಹಾಡುತ್ತದೆ. ಮಾಡಬೇಕು ಎಂಬ ಆಸೆ ಕೆದಕಿಕೊಂಡೇ ಇರುತ್ತದೆ, ನಿಮ್ಮ ಕೈ ಮಾತ್ರ ಖಾಲಿ. ನಾನು ಮೂವತ್ತು ವರ್ಷ ಮನಶ್ಶಾಸ್ತ್ರ ಪಾಠ ಮಾಡಿದವನು. ಆಸಕ್ತಿ ಇಲ್ಲ ಎಂದು ಹೇಳಿಕೊಂಡು ಬಂದವರಲ್ಲಿ ಜಾಸ್ತಿ ಜನ ಈ ಕುಸಿತವನ್ನೇ ತಮ್ಮ ಬಗೆಗಿನ ತೀರ್ಪು ಎಂದು ತಿಳಿದಿದ್ದರು. ಅದು ತೀರ್ಪಲ್ಲ. ಚಪಲ ಮುಗಿಯುವ ಜಾಗ ಅದು, ಅಷ್ಟೇ. ಹಂಬಲ ಶುರುವಾಗಬಹುದಾದ ಜಾಗವೂ ಅದೇ.

'ಏನು ಕಡಿಮೆಯಾಗಿದೆ' ಎಂದು ನಿಮ್ಮ ಮನೆಯವರು ಕೇಳುವುದು ಪ್ರೀತಿಯಿಂದಲೇ ಇರಬೇಕು. ಕೊರತೆ ಇದ್ದರೆ ಮಾತ್ರ ಆಸೆ ಹುಟ್ಟುತ್ತದೆ ಎಂದು ಬಹಳ ಕಾಲ ಮನಶ್ಶಾಸ್ತ್ರಜ್ಞರೂ ನಂಬಿದ್ದರು. ಹೊಟ್ಟೆ ಹಸಿದರೆ ಪ್ರಾಣಿ ಕಲಿಯುತ್ತದೆ, ಹೊಟ್ಟೆ ತುಂಬಿದರೆ ಮಲಗುತ್ತದೆ ಎಂಬ ಲೆಕ್ಕ. ಹ್ಯಾರಿ ಹಾರ್ಲೋ ಮತ್ತು ಜೊತೆಗಾರರು ಕೋತಿಗಳ ಮುಂದೆ ಕೊಂಡಿ, ಚಿಲಕ, ಮೊಳೆ ಇರುವ ಒಂದು ಒಗಟಿನ ಸಾಧನ ಇಟ್ಟರು. ಬಿಚ್ಚಿದರೆ ಸಿಗುವುದು ಏನೂ ಇರಲಿಲ್ಲ. ಆದರೂ ಕೋತಿಗಳು ಬಿಚ್ಚಿದವು, ಮತ್ತೆ ಬಿಚ್ಚಿದವು, ದಿನದಿಂದ ದಿನಕ್ಕೆ ಜಾಣತನ ಹೆಚ್ಚಿತು. ಒಳಗೆ ತಿನ್ನುವುದನ್ನು ಇಟ್ಟ ಮೇಲೆ ಅವುಗಳ ತಪ್ಪುಗಳು ಜಾಸ್ತಿಯಾದವು! ಇದು 1950ರಲ್ಲಿ ಪ್ರಕಟವಾದ ಕೆಲಸ. ಕೋತಿಗೇ ಚಿಲಕ ಬಿಚ್ಚುವುದರಲ್ಲಿ ಅಷ್ಟು ಸುಖ ಇದ್ದರೆ, ಎಲ್ಲ ಇದ್ದೂ ಕೊಳಲು ಬೇಕೆನ್ನುವ ಮನುಷ್ಯರ ಬಗ್ಗೆ ಆಶ್ಚರ್ಯಪಡುವುದು ಯಾಕೆ?

ಇನ್ನು ತಿಳಿಯುವ ಆಸೆ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ನೀವು ಎಡವಿದ್ದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಮೊದಲು ಆಸಕ್ತಿ ಹುಟ್ಟಬೇಕು, ಆಮೇಲೆ ಕಲಿಯಬೇಕು ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ ಅಲ್ವಾ? ಎಷ್ಟೋ ಸಲ ಆಗುವುದು ಇದರ ಉಲ್ಟಾ. ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ಕುತೂಹಲದ ಬಗ್ಗೆ ಒಂದು ವಿವರಣೆ ಕೊಟ್ಟರು. ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕಿರುವುದಕ್ಕೂ ನಡುವೆ ಒಂದು ಸಂದು ಇರುತ್ತದೆ. ಆ ಸಂದು ಕಣ್ಣಿಗೆ ಬಿದ್ದಾಗ ಮನಸ್ಸು ಕೆರೆಯತೊಡಗುತ್ತದೆ, ಅದೇ ಕುತೂಹಲ. ಏನೂ ಗೊತ್ತಿಲ್ಲದವರಿಗೆ ಸಂದೇ ಕಾಣುವುದಿಲ್ಲ. ಎಲ್ಲಾ ಕಡೆ ಕತ್ತಲಿದ್ದರೆ ಬಾಗಿಲು ಎಲ್ಲಿದೆ ಅಂತ ಹೇಗೆ ತಿಳಿಯಬೇಕು? ಸ್ವಲ್ಪ ತಿಳಿದ ಮೇಲೆಯೇ 'ಅರೆ, ಇದು ಯಾಕೆ ಹೀಗೆ?' ಅನ್ನಿಸುವುದು. ಕುತೂಹಲ ಎದ್ದಾಗ ಕಲಿಕೆಗೂ ಬಲ ಬರುತ್ತದೆ. 2014ರ ಒಂದು ಅಧ್ಯಯನದಲ್ಲಿ ಜನರಿಗೆ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯುವ ಹೊತ್ತಿನಲ್ಲಿ ಯಾರದೋ ಮುಖದ ಫೋಟೊ ತೋರಿಸಿದರು. ಉತ್ತರ ತಿಳಿಯುವ ಆತುರ ಜಾಸ್ತಿ ಇದ್ದಾಗ ಕಂಡ, ಪ್ರಶ್ನೆಗೆ ಏನೇನೂ ಸಂಬಂಧವಿಲ್ಲದ ಆ ಮುಖಗಳೂ ಚೆನ್ನಾಗಿ ನೆನಪಿನಲ್ಲಿ ಉಳಿದವು.

ನನಗೆ ತುಂಬ ಇಷ್ಟವಾದ ಒಬ್ಬ ಮನುಷ್ಯನ ವಿಷಯ ಹೇಳುತ್ತೇನೆ. ಆಂಟನಿ ವಾನ್ ಲೀವೆನ್‌ಹುಕ್, 1632ರಲ್ಲಿ ಹುಟ್ಟಿದವನು, ನೆದರ್ಲೆಂಡ್ಸಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ, ಆ ಕಾಲದ ಪಂಡಿತರ ಲ್ಯಾಟಿನ್ ಬಾರದು, ಗೊತ್ತಿದ್ದದ್ದು ತನ್ನ ಡಚ್ ಭಾಷೆ ಒಂದೇ. ಅವನು ತಾನೇ ಗಾಜನ್ನು ತಯಾರು ಮಾಡಿ ಮಣಿಯಷ್ಟು ಸಣ್ಣ ಮಸೂರ ಮಾಡುತ್ತಿದ್ದ. ಎರಡು ಪುಟ್ಟ ಲೋಹದ ತಗಡಿನ ನಡುವೆ ಅದನ್ನು ಕೂರಿಸುತ್ತಿದ್ದ. ಹಿಂದೆ ಒಂದು ಸೂಜಿ ಮೊನೆ, ನೋಡಬೇಕಾದ ವಸ್ತುವನ್ನು ಅದಕ್ಕೆ ಚುಚ್ಚುವುದು. ತಿರುಪು ತಿರುಗಿಸಿ ಹತ್ತಿರ ದೂರ ಮಾಡುವುದು. ಇಡೀ ಸೂಕ್ಷ್ಮದರ್ಶಕ ಅಂಗೈಯಲ್ಲಿ ಮುಚ್ಚಿಹೋಗುತ್ತಿತ್ತು. ಕಣ್ಣಿಗೆ ಒತ್ತಿಹಿಡಿದು ಬೆಳಕಿನ ಕಡೆ ನೋಡಬೇಕು.

ಅವನಿಗೆ ಒಂದು ಪ್ರಶ್ನೆ ಬಂತು. ಮೆಣಸಿನ ಕಾಳು ಯಾಕೆ ಖಾರ? ಅದರ ಮೈಮೇಲೆ ಕಣ್ಣಿಗೆ ಕಾಣದ ಮುಳ್ಳುಗಳಿದ್ದು ಅವು ನಾಲಗೆಗೆ ಚುಚ್ಚುತ್ತವೇನೋ ಎಂಬಂಥ ಊಹೆ. ಕಾಳನ್ನು ನೀರಲ್ಲಿ ನೆನೆಹಾಕಿ ಕೆಲವು ವಾರ ಬಿಟ್ಟು ಆ ನೀರನ್ನು ನೋಡಿದ. ಮುಳ್ಳು ಇರಲಿಲ್ಲ. ನೀರಿನ ತುಂಬ ಓಡಾಡುವ ಜೀವಗಳಿದ್ದವು, ಅದುವರೆಗೆ ಯಾರೂ ನೋಡಿರದಷ್ಟು ಸಣ್ಣವು. ನಾವು ಇಂದು ಬ್ಯಾಕ್ಟೀರಿಯಾ ಎನ್ನುವುದನ್ನು ಮನುಷ್ಯ ಮೊದಲು ಕಂಡ ಬಗೆ ಇದು. 1676ರ ಪತ್ರದಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘಕ್ಕೆ ಅವನು ಇದನ್ನೆಲ್ಲ ಬರೆದ. ಖಾರದ ಬಗ್ಗೆ ಅವನ ಊಹೆ ತಪ್ಪಾಗಿತ್ತು. ಆದರೆ ಪ್ರಶ್ನೆ ಎಷ್ಟು ಸಣ್ಣದು ನೋಡಿ. ಪ್ರಕೃತಿಯ ರಹಸ್ಯವನ್ನೆಲ್ಲ ತಿಳಿಯುತ್ತೇನೆ ಎಂದು ಹೊರಟಿದ್ದರೆ ಅವನೂ ಎರಡು ವಾರಕ್ಕೆ ಕೈಬಿಡುತ್ತಿದ್ದನೋ ಏನೋ. ಒಂದು ಕಾಳು, ಒಂದು ಬಟ್ಟಲು ನೀರು, ಒಂದು ಯಾಕೆ.

ವಯಸ್ಸಿನ ಮಾತು ಕೇಳಿದಿರಿ. ರಾಯಲ್ ಸೊಸೈಟಿಗೆ ಅವನ ಮೊದಲ ಪತ್ರ ಹೋದದ್ದು 1673ರಲ್ಲಿ, ಆಗ ಅವನಿಗೆ ನಲವತ್ತು ದಾಟುವ ಹೊತ್ತು. ಅಲ್ಲಿಂದ ಸುಮಾರು ಐವತ್ತು ವರ್ಷ ಬರೆಯುತ್ತಲೇ ಇದ್ದ. 1723ರಲ್ಲಿ ತೀರಿಕೊಂಡಾಗ 90 ವರ್ಷ.

ನಿಮ್ಮ ಪತ್ರದಲ್ಲಿ ನಕ್ಷತ್ರ ಇದೆ, ಬಣ್ಣ ಇದೆ, ಕೊಳಲು ಇದೆ. ಒಂದೂ 'ಯಾಕೆ' ಇಲ್ಲ. ಇದು ಆಕ್ಷೇಪಣೆಯಲ್ಲ. ವಿಷಯ ದೊಡ್ಡದಾದಷ್ಟೂ ಆಸೆ ಅದರಲ್ಲಿ ಕರಗಿಹೋಗುತ್ತದೆ ಎಂದು ಹೇಳುತ್ತಿದ್ದೇನೆ. ಖಗೋಳವನ್ನು ಯಾರೂ ಹಂಬಲಿಸಲಾರರು, ಅದು ಬಹಳ ದೊಡ್ಡದು. ಬೆಳಗಿನ ಜಾವ ಕಾಣುತ್ತಿದ್ದ ಒಂದು ಚುಕ್ಕಿ ಆರು ತಿಂಗಳಲ್ಲಿ ಸಂಜೆಗೆ ಯಾಕೆ ಬಂತು ಅನ್ನುವುದನ್ನು ಹಂಬಲಿಸಬಹುದು.

ಮಾಡುವ ಆಸೆಯ ಬಗ್ಗೆ ನನ್ನದೇ ಅನುಭವ ಒಂದಿದೆ. ಐವತ್ತು ದಾಟಿದ ಮೇಲೆ ನನಗೆ ಚಿತ್ರ ಬರೆಯುವ ಮನಸ್ಸಾಯಿತು. ಕಲಿಸುವವರು ಯಾರೂ ಸಿಗಲಿಲ್ಲ, ಎದುರಿಗೆ ಸದಾ ಇರುವ ವಸ್ತು ಎಂದರೆ ನನ್ನ ಎಡಗೈ. ಪೆನ್ಸಿಲು ಹಿಡಿದು ದಿನಾ ಅದನ್ನೇ ಬರೆದೆ. ಮೊದಲ ವಾರ ಬಂದದ್ದೆಲ್ಲ ಗಾಳಿ ತುಂಬಿದ ಕೈಚೀಲದ ಹಾಗೆ. ಎರಡನೆಯ ವಾರ ಅಂಗೈ ಮೇಲೆ ಮಾಡಿ ಬರೆದೆ, ಆಮೇಲೆ ಕೈ ಮಗುಚಿ ಬರೆದೆ. ಎರಡೂ ಚಿತ್ರ ಪಕ್ಕದಲ್ಲಿಟ್ಟರೆ ಬೆರಳುಗಳ ಉದ್ದ ಬೇರೆಬೇರೆ! ತಪ್ಪು ಬರೆದೆ ಅಂತ ಅಳಿಸಹೊರಟವನು ಕೈಯನ್ನೇ ಮತ್ತೆ ನೋಡಿದೆ. ತಪ್ಪು ನನ್ನದಲ್ಲ. ಹಿಂಬದಿಯಿಂದ ನೋಡಿದರೆ ಬೆರಳು ಗೆಣ್ಣಿನಿಂದ ಶುರುವಾಗುತ್ತದೆ, ಅಂಗೈ ಕಡೆಯಿಂದ ಅದಕ್ಕಿಂತ ಬಹಳ ಮೇಲೆ ಶುರುವಾಗುತ್ತದೆ. ನಿಮ್ಮ ಕೈಯನ್ನು ಈಗಲೇ ಮಗುಚಿ ನೋಡಿ, ಕಾಣುತ್ತದೆ. ಐವತ್ತು ವರ್ಷ ಜೊತೆಗಿದ್ದ ಕೈ, ನಾನು ಅದನ್ನು ನೋಡಿಯೇ ಇರಲಿಲ್ಲ. ಆ ರಾತ್ರಿ ಮೂಳೆಗಳ ಪುಸ್ತಕ ಹುಡುಕಿ ತೆಗೆದು ಓದಿದೆ. ಯಾರೂ ಓದು ಅಂತ ಹೇಳಿರಲಿಲ್ಲ. ಕೆಟ್ಟ ಚಿತ್ರ ಬರೆಯದೆ ಇದ್ದಿದ್ದರೆ ಆ ಪ್ರಶ್ನೆ ನನ್ನ ಹತ್ತಿರ ಬರುತ್ತಲೇ ಇರಲಿಲ್ಲ.

ತಿಳಿಯುವುದು, ಮಾಡುವುದು ಎಂದು ನಾವು ಎರಡು ಹೆಸರು ಇಟ್ಟಿದ್ದೇವೆ. ಕೈಯಲ್ಲಿ ಅವು ಒಂದೇ. ಜರ್ಮನಿಯ ಹೋಲೆ ಫೆಲ್ಸ್ ಎಂಬ ಗುಹೆಯಲ್ಲಿ 2008ರಲ್ಲಿ ಒಂದು ಕೊಳಲು ಸಿಕ್ಕಿತು. ರಣಹದ್ದಿನ ರೆಕ್ಕೆಯ ಮೂಳೆಯದು, 35 ಸಾವಿರ ವರ್ಷಕ್ಕೂ ಹಳೆಯದು. ಹಿಮಯುಗದ ಕಾಲ. ಐದು ಬೆರಳುತೂತುಗಳಿವೆ. ನನ್ನ ಮನಸ್ಸು ನಿಂತಿರುವುದು ಆ ತೂತುಗಳ ಪಕ್ಕದಲ್ಲಿರುವ ಸಣ್ಣ ಗೀರುಗಳ ಮೇಲೆ. ತೂತು ಎಲ್ಲಿ ಬರಬೇಕು ಎಂದು ಅಳೆದು ಮಾಡಿದ ಗುರುತುಗಳು ಇರಬೇಕು ಎನ್ನುತ್ತಾರೆ ಸಂಶೋಧಕರು. ಹಾಗಾದರೆ ಅದನ್ನು ಮಾಡಿದವರಿಗೆ ತೂತಿನ ಜಾಗ ಬದಲಾದರೆ ಸ್ವರ ಬದಲಾಗುತ್ತದೆ ಎಂದು ಗೊತ್ತಿತ್ತು. ಅದು ಗೊತ್ತಾಗಬೇಕಾದರೆ ಹಿಂದೆ ಎಷ್ಟು ಮೂಳೆ ಕೆಟ್ಟಿರಬೇಕು! ಆ ಚಳಿಯಲ್ಲಿ, ಆ ಹಸಿವಿನ ಕಾಲದಲ್ಲಿ, ಒಬ್ಬರು ಕೂತು ಮೂಳೆ ಕೆರೆದು, ತೂತು ಕೊರೆದು, ಊದಿ, ಸರಿಯಿಲ್ಲ ಎಂದು ಬದಿಗಿಟ್ಟು ಇನ್ನೊಂದು ಮೂಳೆ ತೆಗೆದುಕೊಂಡಿದ್ದಾರೆ. ಅವರಿಗೂ ಯಾರಾದರೂ 'ನಿನಗೇನು ಕಡಿಮೆಯಾಗಿದೆ' ಅಂತ ಕೇಳಿದ್ದರೋ ಏನೋ. ನಿಮ್ಮ ಬೀರುವಿನಲ್ಲಿ ಮಲಗಿರುವುದು ಅದರ ವಂಶದ್ದೇ.

ಒಂದು ಎಚ್ಚರಿಕೆ. ಕಲಿಯುವುದನ್ನು ಸದ್ಯಕ್ಕೆ ಯಾರಿಗೂ ತೋರಿಸಬೇಡಿ, ಎಲ್ಲೂ ಹಾಕಬೇಡಿ, ಸರ್ಟಿಫಿಕೇಟಿನ ಕೋರ್ಸಿಗೂ ಸೇರಬೇಡಿ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬರೆಯಲು ತುಂಬ ಇಷ್ಟಪಡುವ ಪುಟ್ಟ ಮಕ್ಕಳಿಗೆ, ಬರೆದರೆ ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿ ಕೊಟ್ಟರು. ಒಂದೆರಡು ವಾರದ ಮೇಲೆ ಅದೇ ಬಣ್ಣದ ಪೆನ್ನುಗಳನ್ನು ಸುಮ್ನೆ ಇಟ್ಟು ನೋಡಿದಾಗ, ಆ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧ ಹೊತ್ತು ಮಾತ್ರ ಚಿತ್ರ ಬರೆದರು. ಆಸೆಯ ಮೇಲೆ ಬೆಲೆಚೀಟಿ ಅಂಟಿಸಿದರೆ ಹೀಗಾಗುತ್ತದೆ. ನಿಮ್ಮದು ಇನ್ನೂ ಎಳೆ ಸಸಿ.

ಬಿಟ್ಟುಹೋದ ಜಲವರ್ಣ, ನಕ್ಷತ್ರದ ಬಗ್ಗೆ ನೊಂದುಕೊಳ್ಳಬೇಡಿ. ಅವು ಅಲ್ಲೇ ಇರುತ್ತವೆ. ನೀವು ಪತ್ರದಲ್ಲಿ ಕೊಳಲಿನ ಬಗ್ಗೆ ಮಾತ್ರ 'ಬರೀ ಗಾಳಿ ಬಂತು' ಎಂದು ನೋವಿನಿಂದ ಬರೆದಿದ್ದೀರಿ. ಹಾಗಾಗಿ ಅದನ್ನೇ ಹಿಡಿಯಿರಿ. ವಿಡಿಯೊ ಒಂದು ತಿಂಗಳು ಬಿಡಿ. ರಾತ್ರಿ ಒಂಬತ್ತೂವರೆಗೆ ಬೀರು ತೆಗೆಯಿರಿ.

ಗಾಳಿ ಮಾತ್ರ ಬರುವುದಕ್ಕೆ ಒಂದು ಕಾರಣ ಹೇಳಿಬಿಡುತ್ತೇನೆ. ಹೊಸಬರು ತೂತಿನೊಳಕ್ಕೆ ಊದುತ್ತಾರೆ. ಊದಬೇಕಾದದ್ದು ತೂತಿನ ಆಚೆ ಅಂಚಿಗೆ. ತುಟಿಯ ನಡುವೆ ಅಕ್ಕಿಕಾಳಿನಷ್ಟು ಸಂದು ಬಿಟ್ಟು, ಸಣ್ಣ ಗಾಳಿಯ ಎಳೆಯನ್ನು ಆ ಅಂಚಿಗೆ ತಾಗಿಸಬೇಕು. ಗಾಳಿ ಅಂಚಿನಲ್ಲಿ ಸೀಳಿ ಒಮ್ಮೆ ಒಳಗೆ ಒಮ್ಮೆ ಹೊರಗೆ ಬಳುಕಿದಾಗ ಒಳಗಿನ ಗಾಳಿಯ ಕಂಬ ನಡುಗುತ್ತದೆ, ಅದೇ ನಾದ. ಬೆರಳುತೂತುಗಳನ್ನೆಲ್ಲ ಬಿಟ್ಟು ಊದುವ ತೂತನ್ನು ಮಾತ್ರ ಅಭ್ಯಾಸ ಮಾಡಿ. ಕೊಳಲನ್ನು ಕೂದಲೆಳೆಯಷ್ಟು ಆಚೆ ಈಚೆ ಹೊರಳಿಸುತ್ತಾ ಹೋಗಿ. ಹತ್ತು ನಿಮಿಷ ಸಾಕು.

ಅದು ಹಟ ಮಾಡಿದ ದಿನ ಒಂದು ಪಾನೀಯದ ಸ್ಟ್ರಾ ತೆಗೆದುಕೊಳ್ಳಿ. ಒಂದು ತುದಿಯನ್ನು ಎರಡು ಸೆಂಟಿಮೀಟರಿನಷ್ಟು ಹಲ್ಲಿನಿಂದ ಚಪ್ಪಟೆ ಮಾಡಿ, ಎರಡೂ ಮೂಲೆ ಕತ್ತರಿಸಿ ಮೊನೆ ಮಾಡಿ. ಆ ಮೊನೆಯನ್ನು ಪೂರ್ತಿ ಬಾಯೊಳಗೆ ತೆಗೆದುಕೊಂಡು ತುಟಿ ಒತ್ತಿ ಜೋರಾಗಿ ಊದಿ. ಇದು ಕೊಳಲಿನ ಜಾತಿಯಲ್ಲ, ಶಹನಾಯಿಯ ಜಾತಿ, ಮೊನೆಯ ಎರಡು ಪದರ ನಾಲಗೆಗಳ ಹಾಗೆ ಬಡಿದುಕೊಂಡು ದನಿ ಬರುತ್ತದೆ. ಮಕ್ಕಳು ಓಡಿ ಬರುತ್ತಾರೆ. ಊದುತ್ತಲೇ ಇನ್ನೊಂದು ತುದಿಯನ್ನು ಕತ್ತರಿಯಿಂದ ಸ್ವಲ್ಪ ಸ್ವಲ್ಪ ಕತ್ತರಿಸುತ್ತಾ ಬನ್ನಿ. ಸ್ವರ ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ. ಅರ್ಧಕ್ಕೆ ಬಂದಾಗ ನಿಲ್ಲಿಸಿ.

ಆಮೇಲೆ ಇನ್ನೊಂದು ಸ್ಟ್ರಾಗೆ ಹಾಗೆಯೇ ಮೊನೆ ಮಾಡಿ. ಆದರೆ ಇದನ್ನು ಗಿಡ್ಡ ಮಾಡಬೇಡಿ. ಸರಿಯಾಗಿ ಅರ್ಧದಲ್ಲಿ ಒಂದು ಸಣ್ಣ ತೂತು ಮಾಡಿ. ಮೊದಲ ಸ್ಟ್ರಾದ ಸ್ವರವೇ ಬರುತ್ತದಾ, ಅದಕ್ಕಿಂತ ಏರುತ್ತದಾ, ಇಳಿಯುತ್ತದಾ? ಊದುವ ಮೊದಲು ನಿಮ್ಮ ಊಹೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ. ಆಮೇಲೆ ಊದಿ. ಊಹೆ ತಪ್ಪಿದರೆ ತೂತನ್ನು ಒಂದಿಷ್ಟು ದೊಡ್ಡದು ಮಾಡಿ ಮತ್ತೆ ಊದಿ. ಏನಾಯಿತು, ಯಾಕಾಯಿತು ಅಂತ ನನಗೆ ಬರೆಯಿರಿ.